ಉಸಿರದಿರ್ದಂ

ಏಪ್ರಿಲ್. ಬೆನ್ನಿಗಂಟಿದ ಅಂಗಿ ಸಂಜೆಯವರೆಗೂ ಬಿಡುವುದಿಲ್ಲ.
ಹಂಪನಕಟ್ಟೆಯ ಕಾಲೇಜಿನ ಮೂರನೇ ಮಾಳಿಗೆಯಲ್ಲಿ
ನಾವು ಇಪ್ಪತ್ತಾರು ಮಂದಿ, ಇಪ್ಪತ್ತಾರು ಕೆಂಪು ಪೆನ್ನು,
ಒಂದೇ ಹೆಣ.

ಮೂವತ್ತೆರಡನೇ ಪ್ರಶ್ನೆ:
ಹೇಮಲೇಖೆಯ ಸಾವಿಗೆ ಯಾರು ಹೊಣೆ? ವಿವರಿಸಿ. ಐದು ಅಂಕ.

ಚೀಫ್ ಇರ್ವತ್ರಾಯರು ಬೆಳಿಗ್ಗೆಯೇ ಪಾಪ ಹಂಚಿಟ್ಟಿದ್ದಾರೆ
ಜೆರಾಕ್ಸ್ ಹಾಳೆಯಲ್ಲಿ:
ಅರಸನ ಹಟಕ್ಕೆ ಎರಡು,
ಮಂತ್ರಿಯ ಸುಳ್ಳೋಲೆಗೆ ಒಂದು,
ವಿಧಿಗೆ ಒಂದು, ದೈವ ಎಂದು ಬರೆದಿದ್ದರೂ ಕೊಡಿ,
ಅಂಬಿಗನ ಮೌನಕ್ಕೆ ಒಂದು.
ಲವೀನಾ ಪಿಂಟೊ ಕೇಳಿದರು, ದೈವ ಅಂದ್ರೆ ನಮ್ಮೂರ ದೈವವಾ ಸರ್?
ಅದಕ್ಕೆ ಅಂಕ ಇಲ್ಲ, ಎಂದರು. ನಗಲಿಲ್ಲ.

ಇಪ್ಪತ್ತೆರಡು ವರ್ಷ ನಾನೂ ಹಾಗೆಯೇ ಕಲಿಸಿದ್ದು.
ನಡುರಾತ್ರಿ, ತುಂಬಿದ ಹೊಳೆ,
ತಂದೆ ಹಾಸಿಗೆ ಹಿಡಿದ ಎಂಬ ಓಲೆ ನಂಬಿ ಹೊರಟ ಮಗಳು,
ಆಮೇಲೆ ಎಲ್ಲರೂ ಬಾಯಿಪಾಠ ಮಾಡುವ ಸಾಲು:
ಪೊಳೆ ಮೊರೆದುದು, ಅಂಬಿಗನುಸಿರದಿರ್ದಂ.
ಪುಟದ ಬುಡದಲ್ಲಿ ಪದಾರ್ಥ. ಉಸಿರು ಎಂದರೆ ಹೇಳು.
ಉಸಿರದಿರ್ದಂ, ಏನೂ ಹೇಳದೆ ಇದ್ದನು.
ಬಲ್ಲವನು ಹೇಳಬೇಕಿತ್ತು ಮಕ್ಕಳೇ, ಎಂದು
ಡಸ್ಟರಿನಿಂದ ಮೇಜು ಕುಟ್ಟಿದ್ದೇನೆ.
ಹೊಳೆಯ ಮನಸ್ಸು ಅವನಿಗಲ್ಲದೆ ಇನ್ನಾರಿಗೆ ಗೊತ್ತು?

ಗೋಳಿಬಜೆ ತಿಂದು, ಬೆರಳ ಎಣ್ಣೆ ಒರೆಸಿ
ತೆರೆದದ್ದು ಆ ದಿನದ ಹದಿನೇಳನೆಯದು.
ಹೆಸರಿಲ್ಲ, ಊರಿಲ್ಲ, ಬರೀ ಬಾರ್‌ಕೋಡು. ಎಡಕ್ಕೆ ವಾಲಿದ ಅಕ್ಷರ.

"ಅರಸ ಹೊಣೆ. ಮಂತ್ರಿ ಹೊಣೆ.
ಅಂಬಿಗ ಹೊಣೆ ಅಲ್ಲ. ಅವನಿಗೆ ಉಸಿರಿರಲಿಲ್ಲ ಎಂದು ಕವಿಯೇ ಹೇಳಿದ್ದಾನೆ.
ದೋಣಿ ಮಗುಚಿದರೆ ಒಬ್ಬರೇ ಸಾಯುವುದಿಲ್ಲ.
ಅಳಿವೆಯ ಬಾಯಲ್ಲಿ ನಮ್ಮ ಮಾವನ ದೋಣಿ ಹೋದಾಗ
ಪೇಪರಿನಲ್ಲಿ ಧಣಿಯ ಮಗನ ಫೋಟೋ ಬಂತು.
ಮಾವ 'ಮತ್ತೊಬ್ಬರು'.
ಮನೆಗೆ ಬಂದವರು ಕೇಳಿದ್ದು, ಗಾಳಿ ಇತ್ತಲ್ಲ, ಬೇಡ ಎನ್ನಬಾರದಿತ್ತೆ?
ಅಂದಿರಬಹುದು. ಕೇಳಿಸಿಕೊಂಡವರೂ ಉಳಿದಿಲ್ಲ.
ಅಂಬಿಗನ ಸಾವಿಗೆ ಯಾರು ಹೊಣೆ ಎಂಬುದಕ್ಕೆ ಎಷ್ಟು ಅಂಕ?"

ಮಾವನಿಂದ ಮುಂದಕ್ಕೆಲ್ಲ ಅಡ್ಡಗೆರೆ ಎಳೆದಿದ್ದಾನೆ,
ಅಥವಾ ಎಳೆದಿದ್ದಾಳೆ.
ಹೊಡೆದುಹಾಕಿದ್ದನ್ನು ಓದಬಾರದೆಂದು ನಿಯಮ.
ಎರಡು ಸಲ ಓದಿದೆ.
ನಮ್ಮ ಜಿಲ್ಲೆಯದು ನಮಗೆ ಬರುವುದಿಲ್ಲ;
ಗಂಗೊಳ್ಳಿಯದೋ, ತದಡಿಯದೋ,
ಅಳಿವೆ ಎಂಬ ಮಾತು ಮಾತ್ರ ಉಪ್ಪಿನ ಕಡೆಯದು.

ಇರ್ವತ್ರಾಯರು ಕನ್ನಡಕ ಹಣೆಗೇರಿಸಿ ನೋಡಿದರು.
ಪದಾರ್ಥ ತಪ್ಪು, ಉಸಿರು ಇಲ್ಲಿ ಕ್ರಿಯಾಪದ, ಎಂದರು.
ಹಾಳೆ ವಾಪಸು ಕೊಡಲು ಸ್ವಲ್ಪ ಹೊತ್ತು ಹಿಡಿಯಿತು ಅವರಿಗೆ.
ತಪ್ಪು ಚಂದ ಉಂಟು ಮಾರಾಯ್ರೆ. ಮೂರು ಹಾಕಿ.

ಹಾಕಿದೆ. ಲೆಕ್ಕ ಸರಿ: ಅರಸ ಎರಡು, ಮಂತ್ರಿ ಒಂದು.
ಮುಂದೆ ಅರಸ ಹನ್ನೊಂದು ಪದ್ಯ ಅಳುತ್ತಾನೆ,
ಮಂತ್ರಿ ಕಾಡಿಗೆ ಹೋಗುತ್ತಾನೆ.
ಅಂಬಿಗ ಮತ್ತೆ ಬರುವುದೇ ಇಲ್ಲ. ಯಾರೂ ಹುಡುಕಿಲ್ಲ.
ಇಪ್ಪತ್ತೆರಡು ವರ್ಷ, ಒಂದೊಂದು ತರಗತಿಯಲ್ಲೂ
ನೀರಿನಡಿ ಇದ್ದವನನ್ನು ಎಬ್ಬಿಸಿ ನಿಲ್ಲಿಸಿ
ಕೇಳಿದ್ದೇನೆ ನಾನು, ಯಾಕೆ ಸುಮ್ಮನಿದ್ದೆ?

ಸಂಜೆ ಬಸ್ಸು ಹಿಡಿಯದೆ ಬಂದರಿಗೆ ಇಳಿದೆ,
ಬೆಂಗ್ರೆಯ ಫೆರಿ ಹತ್ತಿದೆ. ಅಲ್ಲಿ ನನಗೆ ಯಾರೂ ಇಲ್ಲ.
ಮೀನಿನ ಬುಟ್ಟಿ, ಒಂದು ಸೈಕಲ್ಲು, ಶಾಲೆ ಬಿಟ್ಟ ಹುಡುಗಿಯರು.
ಚುಕ್ಕಾಣಿಯವನ ಹತ್ತಿರ ಹೋಗಿ
ನೀರು ಹೇಗಿದೆ ಇವತ್ತು, ಎಂದೆ.

ಎಂಜಿನ್ನಿನ ಸದ್ದು.
ಬಾಯಿ ಆಡಿದ್ದಂತೂ ಕಂಡೆ.